ತುಮಕೂರಿನಲ್ಲಿ ಈಗ ಎಷ್ಟು ಜನ ಇದ್ದೇವೆ?

ಆರು ವರ್ಷದ ಹಿಂದೆ ನಾವು ಮನೆ ಕಟ್ಟಿದಾಗ ನಮ್ಮ ರಸ್ತೆಯಲ್ಲಿ ನಾಲ್ಕೇ ಮನೆ. ಉಳಿದದ್ದೆಲ್ಲ ರಾಗಿ ಹೊಲ, ನಡುನಡುವೆ ಸೈಟಿನ ಕಲ್ಲು. ಮೊನ್ನೆ ಎಣಿಸಿದೆ, ಮೂವತ್ತೊಂದು ಮನೆ ಆಗಿವೆ. ಹನ್ನೆರಡರ ಮೇಲೆ ಬಾಡಿಗೆಗೆಂದು ಇನ್ನೊಂದು ಮಹಡಿ ಎದ್ದಿದೆ. ನೀರಿನ ಪೈಪು ಮಾತ್ರ ಅದೇ ಹಳೇದು. ವಾರಕ್ಕೊಮ್ಮೆ ನಲ್ಲಿ ಬಂದರೆ ಕೊನೇ ಮನೆಯ ಸಂಪು ಅರ್ಧವೂ ತುಂಬಲ್ಲ.

2001ರ ಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 2.5 ಲಕ್ಷ. 2011ರಲ್ಲಿ ಸುಮಾರು 3 ಲಕ್ಷ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಅಷ್ಟರಲ್ಲಿ ಇಲ್ಲಿ ಏನೆಲ್ಲಾ ಆಯ್ತು ನೋಡಿ. ವಸಂತನರಸಾಪುರದಲ್ಲಿ ಕಾರ್ಖಾನೆಗಳು ಬಂದವು, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು, ಬೆಂಗಳೂರಿನ ಬಾಡಿಗೆ ಕಟ್ಟಲಾಗದೆ ಇಲ್ಲೇ ಮನೆ ಮಾಡಿಕೊಂಡು ಬೆಳಗಿನ ರೈಲು ಹಿಡಿಯುವವರು ಬೇರೆ.

ನೀರಿನ ಯೋಜನೆ ಮಾಡುವಾಗ ಮುಂದಿನ 30 ವರ್ಷದ ಜನಸಂಖ್ಯೆಯನ್ನು ಹಳೇ ಗಣತಿಗಳಿಂದಲೇ ಅಂದಾಜು ಮಾಡುತ್ತಾರೆ. ನಾನೂ ಪೆನ್ನು ಹಿಡಿದು ಕೂತೆ. ಹತ್ತು ವರ್ಷಕ್ಕೆ 50 ಸಾವಿರದಂತೆ ಕೂಡುತ್ತಾ ಹೋದರೆ 2041ಕ್ಕೆ 4.5 ಲಕ್ಷ. ಅದನ್ನೇ ಹತ್ತು ವರ್ಷಕ್ಕೆ ಶೇ 20ರಂತೆ ಏರಿಸಿದರೆ ಸುಮಾರು 5.2 ಲಕ್ಷ! ಲೆಕ್ಕ ಎರಡೂ ಸರಿಯೇ. ಆದರೆ ನಡುವಿನ 70 ಸಾವಿರ ಜನಕ್ಕೆ ತಲೆಗೆ 135 ಲೀಟರಿನಂತೆ ಹಾಕಿದರೆ ದಿನಕ್ಕೆ 90 ಲಕ್ಷ ಲೀಟರಿಗೂ ಜಾಸ್ತಿ ನೀರು. 5 ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಾ 1,800 ಟ್ಯಾಂಕರ್. ಅದೂ ಊರಿನ ಗಡಿ ಬೆಳೆಯೋದೇ ಇಲ್ಲ ಅಂದುಕೊಂಡು ಮಾಡಿದ ಲೆಕ್ಕ.

ಅಂದಾಜು ಯಾವಾಗಲೂ ಕಡಿಮೆಯೇ ಆಗುತ್ತದೆ ಅಂತಲೂ ಅಲ್ಲ. 2000ಕ್ಕೆ ಮೆಕ್ಸಿಕೋ ಸಿಟಿಯಲ್ಲಿ 3 ಕೋಟಿ ಜನ ಆಗುತ್ತಾರೆ ಎಂದು 1970ರ ದಶಕದಲ್ಲಿ ವಿಶ್ವಸಂಸ್ಥೆ ಅಂದಾಜಿಸಿತ್ತು. ಆದದ್ದು ಸುಮಾರು 1.8 ಕೋಟಿ. ಹೆರಿಗೆ ಕಡಿಮೆಯಾಯಿತು, ಬರುವವರು ಬೇರೆ ಊರುಗಳಿಗೂ ಹೋದರು. ಹಾಗಾಗಿ ಒಂದೇ ಸಂಖ್ಯೆ ಹಿಡಿದು 30 ವರ್ಷ ಕೂರಬಾರದು ಅನ್ನೋದು ನನ್ನ ವಾದ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಎರಡೂ ಹೇಳಿ, ಐದು ವರ್ಷಕ್ಕೊಮ್ಮೆ ತಿದ್ದಲಿ. ಹೊಸ ಕರೆಂಟ್ ಮೀಟರ್ ಎಷ್ಟು, ಶಾಲೆಗೆ ಸೇರಿದ ಮಕ್ಕಳೆಷ್ಟು, ಇವೆಲ್ಲ ವರ್ಷವರ್ಷವೂ ಸಿಗುವ ಲೆಕ್ಕ ತಾನೇ? ಗಡಿಯಾಚೆಯ ಹೆಗ್ಗೆರೆಯಂಥ ಕಡೆಯ ಮನೆಗಳನ್ನೂ ಸೇರಿಸಲಿ. ಅಲ್ಲಿಯವರೂ ಸಂತೆಗೆ, ಆಸ್ಪತ್ರೆಗೆ, ಬಸ್‌ಸ್ಟ್ಯಾಂಡಿಗೆ ಬರೋದು ಇಲ್ಲಿಗೇ ಅಲ್ವಾ?

ನಮ್ಮ ಎದುರು ಮನೆಯ ಮಹಡಿಯಲ್ಲಿ ಪಾವಗಡ, ಮಧುಗಿರಿ ಕಡೆಯ ಐದು ಹುಡುಗರಿದ್ದಾರೆ. ಕಾರ್ಖಾನೆ ಕೆಲಸ, ಇಲ್ಲಿಗೆ ಬಂದು ಮೂರು ವರ್ಷ. ಗಣತಿ ವಿಷಯ ತೆಗೆದರೆ, "ನಮ್ದು ಊರಲ್ಲಿ ಅಮ್ಮ ಬರೆಸ್ತಾರೆ ಬಿಡಣ್ಣ" ಅಂದರು. ಹಾಗಲ್ಲಪ್ಪ, ನೀವು ಕುಡಿಯೋದು ಇಲ್ಲಿನ ನೀರು, ಇಲ್ಲೇ ಬರೆಸಿ ಅಂದೆ. ಊರಲ್ಲಿ ಹೆಸರು ಬಿಟ್ಟರೆ ರೇಷನ್ ಕಾರ್ಡಿಂದ ತೆಗೆದುಬಿಡ್ತಾರಾ ಅಂತ ಅವರಿಗೆ ಭಯ. ಗಣತಿಗೂ ರೇಷನ್ ಕಾರ್ಡಿಗೂ ಸಂಬಂಧವಿಲ್ಲ. ನಿಮ್ಮ ಮನೆಯಲ್ಲಿ ಬಾಡಿಗೆಗೆ ಇರುವವರಿಗೂ ಇದನ್ನು ಸ್ವಲ್ಪ ಹೇಳಿ.