ಸ್ಪಷ್ಟನೆ: ಹೆಸರು ಬದಲಿಸಿದರೆ ಸಾಲದು

“ಗ್ರೂಪ್_ಕಾನ್‌ಕ್ಯಾಟ್, ಸ್ಟ್ರಿಂಗ್_ಆ್ಯಗ್, ಲಿಸ್ಟ್‌ಆ್ಯಗ್ ಎಲ್ಲ ಒಂದೇ. ಡೇಟಾಬೇಸ್ ಬದಲಾದರೆ ಹೆಸರು ಬದಲಿಸಿ, ಮುಗೀತು” ಅನ್ನೋ ಮಾತು ಓಡಾಡುತ್ತಿದೆ. ಇದು ಸರಿಯಲ್ಲ. ಹಲವು ಸಾಲುಗಳ ಪಠ್ಯವನ್ನು ಒಂದಾಗಿ ಪೋಣಿಸೋ ಕೆಲಸ ಈ ಮೂರೂ ಡೇಟಾಬೇಸ್ ಫಂಕ್ಷನ್‌ಗಳು ಮಾಡುತ್ತವೆ, ನಿಜ. ಆದರೆ ಪಠ್ಯ ಉದ್ದವಾದಾಗ ನಡೆದುಕೊಳ್ಳೋ ರೀತಿ ಬೇರೆ.

ಒರಾಕಲ್‌ನ ಲಿಸ್ಟ್‌ಆ್ಯಗ್, ನಾವು ಬೇರೇನೂ ಹೇಳದಿದ್ದರೆ, ಮಿತಿ ಮೀರಿದ ಕೂಡಲೇ ಎರರ್ ಕೊಟ್ಟು ನಿಲ್ಲುತ್ತದೆ. ಮೈಎಸ್‌ಕ್ಯೂಎಲ್ ಹಾಗಲ್ಲ. ಅಲ್ಲಿ ಗ್ರೂಪ್_ಕಾನ್‌ಕ್ಯಾಟ್‌ನ ಡೀಫಾಲ್ಟ್ ಮಿತಿ 1024 ಬೈಟ್. ಅದು ತುಂಬಿದರೆ ಸೆಲೆಕ್ಟ್ ಕ್ವೆರಿ ಉಳಿದದ್ದನ್ನು ಕತ್ತರಿಸಿ, ಬರೀ ಒಂದು ವಾರ್ನಿಂಗ್ ಕೊಡುತ್ತದೆ. ಆ ವಾರ್ನಿಂಗನ್ನು ನಿಮ್ಮ ಕೋಡ್ ಓದುತ್ತದಾ? ಓದದಿದ್ದರೆ ಅರ್ಧ ಪಟ್ಟಿಯೇ ಪೂರ್ತಿ ಪಟ್ಟಿ ಅಂತ ಹೊರಗೆ ಹೋಗುತ್ತದೆ. ಅದಕ್ಕಿಂತ ಎರರ್ ಬರೋದೇ ಎಷ್ಟೋ ಮೇಲು.

ಇನ್ನೊಂದು ವಿಷಯ, ಲೆಕ್ಕ ಬೈಟ್‌ಗಳದ್ದು, ಅಕ್ಷರಗಳದ್ದಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡೋ ಯುಟಿಎಫ್-8 ಪದ್ಧತಿಯಲ್ಲಿ ‘ಪುಸ್ತಕ’ ಅನ್ನೋ ಪದವೊಂದೇ 18 ಬೈಟ್ ತಿನ್ನುತ್ತದೆ. ಹಾಗಾಗಿ ಕನ್ನಡದ ಪಟ್ಟಿ ಇಂಗ್ಲಿಷಿನದ್ದಕ್ಕಿಂತ ಬೇಗ ತುಂಡಾಗುತ್ತದೆ. ಗ್ರೂಪ್_ಕಾನ್‌ಕ್ಯಾಟ್_ಮ್ಯಾಕ್ಸ್_ಲೆನ್ ಅನ್ನೋ, ಈ ಮಿತಿಯ ಸೆಟ್ಟಿಂಗ್‌ನ ಬೆಲೆಯನ್ನು ಮೊದಲೇ ಜಾಸ್ತಿ ಮಾಡಿಕೊಳ್ಳಿ.

ಪೋಣಿಸೋ ಕ್ರಮವನ್ನು ಹೇಳೋ ರೀತಿಯೂ ಬೇರೆ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ಕ್ರಮ ಸೂಚಿಸೋ ಆರ್ಡರ್ ಬೈ ಅನ್ನು ಸ್ಟ್ರಿಂಗ್_ಆ್ಯಗ್‌ನ ಆವರಣದೊಳಗೇ ಬರೆಯಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದೇ ಹೆಸರಿನ ಫಂಕ್ಷನ್‌ಗೆ ಆವರಣದ ಹೊರಗೆ ಅದಕ್ಕಾಗಿ ವಿದಿನ್ ಗ್ರೂಪ್ ಅನ್ನೋ ಭಾಗ ಬೇಕು.