ಅಪ್ಪ ಅಮ್ಮನಿಗೆ ರಾತ್ರಿ ವಿಮಾನದಲ್ಲಿ ಮಲಗಲು ಜಾಗ ಕೊಡಿಸಿ

ಅಮೆರಿಕ, ಕೆನಡಾ ಕಡೆ ನೆಲೆಸಿರುವ ನಮ್ಮ ಕನ್ನಡದ ಮಕ್ಕಳಿಗೆ ಒಂದು ಮಾತು ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ, ಕೈಲಾಗುವ ಹಾಗಿದ್ದರೆ, ರಾತ್ರಿಯ ವಿಮಾನಕ್ಕೆ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಯಿರಿ. ಇಡೀ ಪ್ರಯಾಣಕ್ಕೆ ಬೇಡ. ರಾತ್ರಿಯದ್ದಕ್ಕೆ ಸಾಕು. ನಿಮಗಲ್ಲ, ಅವರಿಗೆ.

ಬಿಸಿನೆಸ್ ಕ್ಲಾಸ್ ಅಂದರೆ ರೀಲ್ಸ್‌ನಲ್ಲಿ ಕಾಣುವುದು ಷಾಂಪೇನ್, ಲೌಂಜು, ಬಿಳಿ ಬಟ್ಟೆ ಹಾಸಿದ ಊಟದ ಟ್ರೇ. ಅವೆಲ್ಲ ಇರಲಿ. ನನ್ನ ಪ್ರಕಾರ ಅಲ್ಲಿ ದುಡ್ಡು ಕೊಟ್ಟು ಪಡೆಯುವಂಥದ್ದು ಒಂದೇ, ಕಾಲು ಚಾಚಿ ಮಲಗುವ ಜಾಗ. ಅದೂ ಮೊದಲಿಂದ ಇದ್ದದ್ದಲ್ಲ. 1970ರ ದಶಕದ ಕೊನೆಯಲ್ಲಿ ಈ ಕ್ಲಾಸ್ ಶುರುವಾದಾಗ, ಪೂರ್ತಿ ದರ ಕೊಟ್ಟು ಕೆಲಸದ ಮೇಲೆ ಓಡಾಡುವವರನ್ನು ಅಗ್ಗದ ಟಿಕೆಟಿನವರಿಂದ ಬೇರೆ ಕೂರಿಸುವುದೇ ಉದ್ದೇಶ. ಕುರ್ಚಿ ಸ್ವಲ್ಪ ಅಗಲ ಇತ್ತು, ಸ್ವಲ್ಪ ಜಾಸ್ತಿ ಹಿಂದಕ್ಕೆ ಬಾಗುತ್ತಿತ್ತು, ಅಷ್ಟೇ. ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗುವ ಸೀಟನ್ನು ಬಿಸಿನೆಸ್ ಕ್ಲಾಸಿಗೆ ಮೊದಲು ತಂದದ್ದು ಬ್ರಿಟಿಷ್ ಏರ್‌ವೇಸ್, 2000ದಲ್ಲಿ. ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ದೂರದ ವಿಮಾನಗಳಲ್ಲಿ ಆರಡಿ ಮೀರಿದ ಹಾಸಿಗೆ ಮಾಮೂಲಿ.

ನಮ್ಮ ಬೆಂಗಳೂರಿನವರಿಗೆ ಇದು ಯಾಕೆ ಮುಖ್ಯ ಅಂದರೆ, ಯುರೋಪಿಗೆ ಹೋಗುವ ಹೆಚ್ಚಿನ ವಿಮಾನಗಳು ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಬೆಳಗ್ಗೆ ಫ್ರಾಂಕ್‌ಫರ್ಟ್‌ಗೋ ಪ್ಯಾರಿಸ್‌ಗೋ ತಲುಪಿಸಿದರೆ ಅಲ್ಲಿಂದ ಅಮೆರಿಕದ ವಿಮಾನಗಳು ಸಿಗುತ್ತವೆ, ಅದಕ್ಕೆ. ಲೆಕ್ಕಾಚಾರ ಅವರಿಗೆ ಸರಿ. ಆದರೆ ತುಮಕೂರಿನಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿದ ಹೆಂಗಸಿನ ಕಡೆಯಿಂದ ನೋಡಿ. ಅವರು ರಾತ್ರಿ ಎಂಟಕ್ಕೆ ಮನೆ ಬಿಡುತ್ತಾರೆ. ದೇವನಹಳ್ಳಿ ಮುಟ್ಟಿ, ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲ ಮುಗಿಸಿ, ಟರ್ಮಿನಲ್ 2ರ ಉದ್ದಕ್ಕೂ ನಡೆದು ಗೇಟಿಗೆ ಬರುವಷ್ಟರಲ್ಲಿ ಮಲಗುವ ಹೊತ್ತು ಮೀರಿ ನಾಲ್ಕೈದು ಗಂಟೆ ಆಗಿರುತ್ತದೆ. ಅಲ್ಲಿಂದ ಹತ್ತು ಗಂಟೆ ಕೂತಲ್ಲೇ ಕೂರಬೇಕು. ಮತ್ತೆ ಇಳಿದು, ಗೊತ್ತಿಲ್ಲದ ಊರಿನಲ್ಲಿ ಗೇಟು ಹುಡುಕಿ, ಕ್ಯಾಲಿಫೋರ್ನಿಯಾಕ್ಕೆ ಇನ್ನೂ ಹನ್ನೊಂದು ಗಂಟೆ.

ನೇರ ವಿಮಾನ ಇದ್ದರೆ ಇದೆಲ್ಲ ತಪ್ಪುತ್ತದೆ ಅನ್ನುತ್ತೀರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಹಾರಿಸಿದಾಗ ನಾನೂ ಕುಣಿದಾಡಿದ್ದೆ. ಆ ಮೊದಲ ವಿಮಾನ ನಡೆಸಿದವರೆಲ್ಲ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು, ದಾರಿ ಉತ್ತರ ಧ್ರುವದ ಮೇಲಿಂದ. ಈಗಲೂ ನೆನೆಸಿಕೊಂಡರೆ ಹೆಮ್ಮೆ ಆಗುತ್ತದೆ. ಆದರೆ ಅದು ಸುಮಾರು 17 ಗಂಟೆಯ ಹಾರಾಟ. ವಿಮಾನ ಬದಲಿಸುವ ಕಷ್ಟ ಹೋಯಿತು, ಕೂರುವ ಕಷ್ಟ ಇನ್ನೂ ಜಾಸ್ತಿ ಆಯಿತು. ಸಿಂಗಪುರದಿಂದ ನ್ಯೂಯಾರ್ಕ್ ಕಡೆಗೆ 18 ಗಂಟೆಗೂ ಮೇಲೆ ಹಾರುವ ಸಿಂಗಪುರ್ ಏರ್‌ಲೈನ್ಸ್‌ನ ಏರ್‌ಬಸ್ ಎ350 ಇದೆಯಲ್ಲ, ಅದರಲ್ಲಿ ಎಕಾನಮಿ ಕ್ಲಾಸೇ ಇಲ್ಲ. ಒಟ್ಟು 161 ಸೀಟು, 67 ಬಿಸಿನೆಸ್, ಉಳಿದದ್ದು ಪ್ರೀಮಿಯಂ ಎಕಾನಮಿ, ಅಂದರೆ ಎಕಾನಮಿಗಿಂತ ಸ್ವಲ್ಪ ಜಾಗ ಜಾಸ್ತಿ ಇರುವ ಸೀಟು. ಅಷ್ಟು ದೂರ ಹಾರಲು ಭಾರ ಕಮ್ಮಿ ಇರಬೇಕು ಅನ್ನುವುದೂ ಕಾರಣವೇ. ಆದರೂ ಅಷ್ಟು ಹೊತ್ತು ಇಕ್ಕಟ್ಟಿನಲ್ಲಿ ಕೂರಿಸದೆ ವಿಮಾನ ಓಡಿಸಬಹುದು ಅಂತ ಅದರಿಂದ ಗೊತ್ತಾಗುತ್ತದೆ.

ಇನ್ನು ಮೈಗೆ ಏನಾಗುತ್ತದೆ ಅಂತ ನೋಡೋಣ. ಹಳೆಯ ವಿಮಾನಗಳ ಒಳಗೆ ಗಾಳಿಯ ಒತ್ತಡ 2,400 ಮೀಟರ್ ಎತ್ತರದ ಜಾಗದಲ್ಲಿ ಇರುವಷ್ಟು ಇರಬಹುದು. ಅಂದರೆ ಊಟಿಗಿಂತ ಮೇಲೆ. ಬೋಯಿಂಗ್ 787, ಏರ್‌ಬಸ್ 350 ತರಹದ ಹೊಸ ವಿಮಾನಗಳಲ್ಲಿ ಸುಮಾರು 1,800 ಮೀಟರ್‌ಗೆ ಇಳಿಸಿದ್ದಾರೆ, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕೆಳಗೆ. ಒಳಗಿನ ಗಾಳಿ ತುಂಬಾ ಒಣ. ಬಾಯಿ, ಮೂಗು, ಕಣ್ಣು ಎಲ್ಲ ಒಣಗುತ್ತವೆ. ಉಪ್ಪು, ಸಿಹಿಯ ರುಚಿಯೂ ಅಲ್ಲಿ ನೆಲದ ಮೇಲಿನಷ್ಟು ತಿಳಿಯುವುದಿಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾಗಾಗಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಊಟ ಸಪ್ಪೆ ಅಂತ ಅಮ್ಮಂದಿರು ಗೊಣಗಿದರೆ ಅದು ನಿಜವಾದ ದೂರೇ.

ಇದಕ್ಕಿಂತ ದೊಡ್ಡದು ಕಾಲಿನ ವಿಷಯ. ನಾಲ್ಕು ಗಂಟೆಗೂ ಮೇಲೆ ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಹೆದರಿಸಲು ಹೇಳುತ್ತಿಲ್ಲ. ಎರಡು ಪಟ್ಟಾದರೂ ಸುಮಾರು 6,000 ಜನರಲ್ಲಿ ಒಬ್ಬರಿಗೆ ಅಷ್ಟೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ದಪ್ಪ ಇರುವವರಿಗೆ, ತುಂಬಾ ಎತ್ತರದವರಿಗೆ, ಮತ್ತೆ 1.6 ಮೀಟರ್‌ಗಿಂತ ಗಿಡ್ಡ ಇರುವವರಿಗೆ ಈ ಅಪಾಯ ಜಾಸ್ತಿಯಂತೆ. ನಮ್ಮ ಅಮ್ಮಂದಿರಲ್ಲಿ ಎಷ್ಟು ಜನ 1.6 ಮೀಟರ್ ದಾಟುತ್ತಾರೆ ಹೇಳಿ? ಅವರ ಪಾದ ನೆಲಕ್ಕೆ ಸರಿಯಾಗಿ ಎಟುಕುವುದೇ ಇಲ್ಲ. ಸೀಟಿನ ಅಂಚು ತೊಡೆಯ ಹಿಂಭಾಗಕ್ಕೆ ಒತ್ತುತ್ತಲೇ ಇರುತ್ತದೆ. ಹಾಗಂತ ಬಿಸಿನೆಸ್ ಕ್ಲಾಸೇ ಮದ್ದು ಅಂತಲ್ಲ. ಅಲ್ಲೂ ಎದ್ದು ಓಡಾಡಬೇಕು, ನೀರು ಕುಡಿಯಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ನನ್ನ ಅಮ್ಮ ಮೊದಲ ಸಲ ಬಂದದ್ದು ನನ್ನ ಬಾಣಂತನಕ್ಕೆ. ಎಕಾನಮಿಯಲ್ಲಿ, ಒಬ್ಬಳೇ. ಆಗ ನಮ್ಮ ಕೈಯಲ್ಲಿ ಇದ್ದದ್ದೇ ಅಷ್ಟು. ಏರ್‌ಪೋರ್ಟಿನಲ್ಲಿ ಅವಳ ಪಾದ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ, ಅಷ್ಟು ಊದಿತ್ತು. ಮೂರು ಸೀಟಿನ ನಡುವೆ ಸಿಕ್ಕಿಕೊಂಡಿದ್ದಳು. ಪಕ್ಕದವರು ಮಲಗಿದ್ದರು, ಎಬ್ಬಿಸಲು ಸಂಕೋಚ. ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ನೀರನ್ನೇ ಕುಡಿದಿರಲಿಲ್ಲ. ನಿಮ್ಮ ಅಮ್ಮನೂ ಇದನ್ನೇ ಮಾಡಿರುತ್ತಾರೆ. ಕೇಳಿ ನೋಡಿ, ಬಾಯಿಬಿಟ್ಟು ಹೇಳುವುದಿಲ್ಲ. ಬಂದವಳು ನಿದ್ದೆಗೆಟ್ಟು ಬಂದಿದ್ದೀನಿ ಅನ್ನಲಿಲ್ಲ, ನೇರ ಅಡುಗೆಮನೆಗೆ ಹೋಗಿ ಮೆಣಸಿನ ಸಾರಿಗೆ ಇಟ್ಟಳು.

ಈ ಸಲ ನಾನೇ ಊರಿಗೆ ಹೋಗಿ ಕರೆದುಕೊಂಡು ಬಂದೆ. ಅವಳಿಗೀಗ 71, ಮಂಡಿ ನೋವು ಬೇರೆ. ಬೆಂಗಳೂರಿನಿಂದ ಯುರೋಪಿನವರೆಗೆ ಇಬ್ಬರಿಗೂ ಬಿಸಿನೆಸ್ ಕ್ಲಾಸ್, ಬಹುಪಾಲು ಮೈಲ್ಸ್‌ನಲ್ಲಿ, ಅಂದರೆ ಓಡಾಡಿದಷ್ಟೂ ವಿಮಾನ ಕಂಪನಿಯವರು ಕೊಡುವ ಪಾಯಿಂಟುಗಳಲ್ಲಿ. ವಿಷಯ ಗೊತ್ತಾದಾಗ "ಅಷ್ಟೊಂದು ದುಡ್ಡು ಯಾಕೆ ಸುರೀತೀಯೇ? ಕೂತ್ಕೊಂಡೇ ಬರ್ತೀನಿ ಬಿಡು" ಅಂದಳು. ದರವನ್ನು ಕೊನೆಗೂ ಹೇಳಲಿಲ್ಲ. ನೀವೂ ಹೇಳಬೇಡಿ. ಹೇಳಿದರೆ ಆ ಅಂಕಿ ನೆನೆಸಿಕೊಂಡೇ ಅವರಿಗೆ ನಿದ್ದೆ ಬರುವುದಿಲ್ಲ.

ಹತ್ತಿದ ತಕ್ಷಣ ಅವಳು ಮಾಡಿದ ಮೊದಲ ಕೆಲಸ, ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತದ್ದು. ಎಕಾನಮಿ ಸೀಟಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಮಂಡಿ ಮಡಿಸಿ, ಚಾಚಿ, ತಿರುಗಿಸಿ ಕೂರುವುದೇ ನಮ್ಮ ಹಿರಿಯರ ಅಭ್ಯಾಸ. ಒಂದೇ ಭಂಗಿಯಲ್ಲಿ ಕಟ್ಟಿಹಾಕಿದರೆ ಅವರ ಮೈ ಸೋಲುತ್ತದೆ. ಆಮೇಲೆ ಸೀಟು ಮಲಗಿಸಿಕೊಟ್ಟೆ, ರಗ್ಗು ಹೊದಿಸಿದೆ. ಒಂದೇ ನಿದ್ದೆಗೆ ಆರು ಗಂಟೆ ಮಲಗಿದಳು. ಇಳಿದ ಮೇಲೆ ಗೇಟಿನ ತನಕ ನಡೆದೇ ಬಂದಳು, ದಾರಿಯಲ್ಲಿ ಕಾಫಿ ಬೇಕು ಅಂದಳು, ಕಾಫಿ ಚೆನ್ನಾಗಿಲ್ಲ ಅಂತಲೂ ಹೇಳಿದಳು. ಕೊಟ್ಟ ಮೈಲ್ಸ್ ಎಲ್ಲ ನನಗೆ ಅಲ್ಲಿಗೇ ವಸೂಲಾಯಿತು.

ಈಗ ಟಿಕೆಟ್ ತೆಗೆಯುವವರಿಗೆ ನನಗೆ ತಿಳಿದದ್ದನ್ನು ಹೇಳಿಬಿಡುತ್ತೇನೆ. ಊರಿಂದ ಬರುವಾಗ ರಾತ್ರಿ ಬೀಳುವುದು ಬೆಂಗಳೂರು–ಯುರೋಪ್ ವಿಮಾನಕ್ಕೆ. ಯುರೋಪ್–ಅಮೆರಿಕ ವಿಮಾನ ಬೆಳಕಿನಲ್ಲೇ ಹಾರುತ್ತದೆ, ಅದಕ್ಕೆ ಎಕಾನಮಿ ನಡೆಯುತ್ತದೆ. ವಾಪಸ್ ಹೋಗುವಾಗ ಉಲ್ಟಾ. ಅಮೆರಿಕದಿಂದ ಹೊರಡುವುದಕ್ಕೆ ರಾತ್ರಿ ಬೀಳುತ್ತದೆ. ಮೈಲ್ಸ್ ಅಥವಾ ಬಿಡ್ (ಇಷ್ಟು ದುಡ್ಡು ಕೊಡುತ್ತೇನೆ ಅಂತ ನಾವೇ ಕೂಗುವ ಹರಾಜು) ಮೂಲಕ ಅಪ್‌ಗ್ರೇಡ್ ಕೊಡುವ ಹಲವು ಕಂಪನಿಗಳಲ್ಲಿ ಒಂದೊಂದು ವಿಮಾನಕ್ಕೆ ಬೇರೆ ಬೇರೆಯಾಗಿ ಕೇಳಬಹುದು. ಆಫೀಸಿನ ಓಡಾಟದಿಂದ ಮೈಲ್ಸ್ ಗುಡ್ಡೆ ಬಿದ್ದಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ನನಗಂತೂ ಕಾಣುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಸೀಟ್ ಮ್ಯಾಪ್ ನೋಡಿ. ಒಂದು ಸಾಲಿಗೆ 1-2-1 ಅಂತಿದ್ದರೆ, ಅಂದರೆ ಒಂದು ಸೀಟು, ಓಡಾಡುವ ದಾರಿ, ಎರಡು ಸೀಟು, ಮತ್ತೆ ದಾರಿ, ಒಂದು ಸೀಟು ಹೀಗಿದ್ದರೆ, ಎಲ್ಲರೂ ನೇರ ಎದ್ದು ಓಡಾಡಬಹುದು. ಅಪ್ಪ ಅಮ್ಮ ಇಬ್ಬರೂ ಬರುತ್ತಿದ್ದರೆ ನಡುವಿನ ಜೋಡಿ ಸೀಟು ಹಿಡಿಯಿರಿ. 2-2-2 ಇದ್ದರೆ ಕಿಟಕಿ ಪಕ್ಕ ಕೂತವರು ಮಲಗಿರುವವರ ಕಾಲು ದಾಟಿ ಬರಬೇಕು, ವಯಸ್ಸಾದವರಿಗೆ ದಾರಿ ಪಕ್ಕದ ಐಲ್ ಸೀಟೇ ಸರಿ. ಊಟ ಬುಕ್ ಮಾಡುವಾಗ ಹುಷಾರು. "ಹಿಂದೂ ಮೀಲ್" ಅಂತ ಒತ್ತಿದರೆ ಸಾಮಾನ್ಯವಾಗಿ ಮಾಂಸದ ಊಟ ಬರುತ್ತದೆ, ದನ ಹಂದಿ ಇರುವುದಿಲ್ಲ ಅಷ್ಟೇ. ಸಸ್ಯಾಹಾರಿಗಳಿಗೆ "ಏಷ್ಯನ್ ವೆಜಿಟೇರಿಯನ್" ಅಂತಲೇ ಆರಿಸಬೇಕು. ಒಬ್ಬರೇ ಬರುತ್ತಿದ್ದರೆ ಸೀಟಿನ ಬಟನ್‌ಗಳ ಫೋಟೋವನ್ನು ಮೊದಲೇ ವಾಟ್ಸ್ಯಾಪ್ ಮಾಡಿ, ಯಾವುದು ಒತ್ತಿದರೆ ಹಾಸಿಗೆ ಆಗುತ್ತದೆ ಅಂತ ಕನ್ನಡದಲ್ಲಿ ಬರೆದು ಕಳಿಸಿ. ಬೆಲ್ಟನ್ನು ರಗ್ಗಿನ ಮೇಲಿಂದ ಹಾಕಿಕೊಳ್ಳಲು ಹೇಳಿ. ವಿಮಾನ ಅಲುಗಾಡಿದಾಗ ಗಗನಸಖಿಯರಿಗೆ ಬೆಲ್ಟ್ ಕಂಡರೆ ಎಬ್ಬಿಸುವುದಿಲ್ಲ. ಮತ್ತೆ ವೀಲ್‌ಚೇರ್ ಕೇಳಲು ನಾಚಿಕೆ ಬೇಡ. ನಡೆಯಲು ಬರುವವರಿಗೆ ಅದು ಯಾಕೆ ಅಂತ ಆಡಿಕೊಳ್ಳುವವರಿದ್ದಾರೆ. ಐದು ನಿಮಿಷ ನಡೆಯುವುದು ಬೇರೆ, ಭಾಷೆ ಬಾರದ ಊರಿನ ಏರ್‌ಪೋರ್ಟಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದು ಬೇರೆ.

ಇದು ದುಬಾರಿ, ನಿಜ. ಎಕಾನಮಿಯ ಮೂರು ನಾಲ್ಕು ಪಟ್ಟು ಆಗುವುದು ಸಾಮಾನ್ಯ. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ನಮ್ಮಲ್ಲಿ ಬಿಸಿನೆಸ್ ಕ್ಲಾಸ್ ಟಿಕೆಟಿನ ಜಿಎಸ್‌ಟಿ 12ರಿಂದ ಶೇ 18ಕ್ಕೆ ಏರಿದೆ, ಎಕಾನಮಿಗೆ ಶೇ 5 ಮಾತ್ರ. ಇನ್ನೂ ಓದುತ್ತಿರುವವರು, ಸಾಲ ತೀರಿಸುತ್ತಿರುವವರು ಇದನ್ನು ಓದಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದಾರಿಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿಸಿ ಮರುದಿನ ಮುಂದಿನ ವಿಮಾನ ಹತ್ತಿಸಿದರೂ ಎಷ್ಟೋ ವಾಸಿ. ದುಬೈ, ಅಬುಧಾಬಿ ದಾರಿಯಲ್ಲಿ ಅದು ಮಾಡಬಹುದು, ವೀಸಾ ವಿಚಾರಿಸಿಕೊಳ್ಳಿ.

ಹೊಗೆಯ ಲೆಕ್ಕವೂ ನನ್ನನ್ನು ಕಾಡುತ್ತದೆ. ಬಿಸಿನೆಸ್ ಕ್ಲಾಸಿನವರ ಪಾಲಿನ ಇಂಗಾಲ ಎಕಾನಮಿಯವರದ್ದಕ್ಕಿಂತ ಸುಮಾರು ಮೂರು ಪಟ್ಟು ಅಂತ 2013ರ ವಿಶ್ವ ಬ್ಯಾಂಕ್ ಅಧ್ಯಯನವೊಂದು ಹೇಳುತ್ತದೆ, ಒಬ್ಬರೇ ಅಷ್ಟು ಜಾಗ ಹಿಡಿಯುತ್ತಾರಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ಜಾಗ ಬೇಕಾದವರಿಗೆ ಸಿಗಲಿ. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಮೂವತ್ತೈದರ ಮಗ ಕಂಪನಿ ದುಡ್ಡಿನಲ್ಲಿ ಮಲಗಿಕೊಂಡು ಹೋಗುತ್ತಾನೆ, ಎಪ್ಪತ್ತರ ತಾಯಿ ಕೂತುಕೊಂಡು ಬರುತ್ತಾರೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ನಿಜ ಹೇಳಬೇಕೆಂದರೆ ಮಲಗುವುದು ಐಷಾರಾಮದ ಪಟ್ಟಿಗೆ ಸೇರಿದ್ದೇ ತಪ್ಪು. ನಮ್ಮ ರೈಲಿನ ಸ್ಲೀಪರ್ ಕೋಚಿನಲ್ಲಿ ಬಡವರೂ ಮಲಗಿಕೊಂಡು ಹೋಗುತ್ತಾರೆ. ಕೆಎಸ್‌ಆರ್‌ಟಿಸಿಯವರು 2023ರಲ್ಲಿ ಪಲ್ಲಕ್ಕಿ ಅಂತ ಎಸಿ ಇಲ್ಲದ ಸ್ಲೀಪರ್ ಬಸ್ಸನ್ನೂ ಬಿಟ್ಟರು. ಒಂದು ರಾತ್ರಿಯ ಬಸ್ಸಿಗೆ ಸಾಧ್ಯವಾದದ್ದು 17 ಗಂಟೆಯ ವಿಮಾನಕ್ಕೆ ಯಾಕಿಲ್ಲ? ವಿಮಾನದ ಕಷ್ಟ ಬೇರೆ ಅಂತ ಗೊತ್ತು. ಏರುವಾಗ, ಇಳಿಯುವಾಗ ಎಲ್ಲರೂ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತಿರಬೇಕು. ಅರ್ಧ ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರುವಂತಿರಬೇಕು ಅನ್ನುವುದು ನಿಯಮ. ಆದರೂ ದಾರಿ ಇದೆ. ಏರ್ ನ್ಯೂಜಿಲೆಂಡ್‌ನವರು 2011ರಲ್ಲೇ ಎಕಾನಮಿಯ ಮೂರು ಸೀಟುಗಳ ಕಾಲುಹಲಗೆ ಮೇಲೆತ್ತಿ ಮಂಚದ ಹಾಗೆ ಮಾಡಿ ಕೊಟ್ಟರು. 2020ರಲ್ಲಿ ಸ್ಕೈನೆಸ್ಟ್ ಅಂತ ಎಕಾನಮಿಯವರಿಗೇ ಆರು ಬಂಕುಗಳ ಯೋಜನೆ ಮುಂದಿಟ್ಟರು. ನಿಮ್ಮ ಸೀಟು ನಿಮಗೇ ಇರುತ್ತದೆ, ಸರದಿಯ ಮೇಲೆ ನಾಲ್ಕು ಗಂಟೆ ಹೋಗಿ ಮಲಗಿ ಬರುವುದು. ಭಾರತದಿಂದ ಅಮೆರಿಕಕ್ಕೆ ಹಾರುವ ಕಂಪನಿಗಳು ಇಂಥದ್ದೊಂದನ್ನು ತರಬೇಕು. ವಯಸ್ಸಾದವರು ಇಷ್ಟು ಜನ ಓಡಾಡುವ ದಾರಿ ಇದು. ಪ್ರಯಾಣ ಮುಗಿದ ಮೇಲೆ ಕಂಪನಿಯವರು ಕಳಿಸುವ ಅಭಿಪ್ರಾಯದ ಫಾರಂ ಬರುತ್ತದಲ್ಲ, ಅದರಲ್ಲಿ ನಾನು ಪ್ರತಿ ಸಲ ಇದನ್ನೇ ಬರೆಯುತ್ತೇನೆ. ನೀವೂ ಬರೆಯಿರಿ.

ಅಮ್ಮ ವಾಪಸ್ ಹೋಗುವುದು ಯುಗಾದಿಗೆ ಮುಂಚೆ, ಹಬ್ಬಕ್ಕೆ ಅವಳು ಊರಿನಲ್ಲೇ ಇರಬೇಕಂತೆ. ಇಲ್ಲಿಂದ ಹೊರಡುವ ವಿಮಾನಕ್ಕೆ ಮಲಗುವ ಸೀಟು, ಯುರೋಪಿನಿಂದ ಬೆಂಗಳೂರಿಗೆ ಎಕಾನಮಿಯಲ್ಲಿ ಐಲ್ ಸೀಟು, ಎರಡಕ್ಕೂ ವೀಲ್‌ಚೇರ್. ಬುಕ್ ಆಗಿದೆ. ಈ ಸಲವೂ ದರ ಹೇಳಿಲ್ಲ.