ಒಂದು ನರಕೋಶಕ್ಕಾಗಿ ನಾಲ್ಕು ರಾತ್ರಿ

ನನಗೆ ಬೇಕಾಗಿದ್ದುದು ಒಂದೇ ಒಂದು ನರಕೋಶ. ಇಡೀ ಮಿದುಳಲ್ಲ, ಅದರ ಚೂರೂ ಅಲ್ಲ. ಒಂದು ಕೋಶ, ಅದಕ್ಕೆ ಸೂಜಿ ತಾಗಿಸಿದಷ್ಟು ವಿದ್ಯುತ್ತು, ಅದು ಮಿಡಿದಾಗ ಪರದೆಯ ಮೇಲೆ ಏಳುವ ಒಂದು ಗೆರೆ. ಮೈನಸ್ 65 ಮಿಲಿವೋಲ್ಟ್‌ನಲ್ಲಿ ತೆಪ್ಪಗೆ ಮಲಗಿದ್ದು, ಥಟ್ಟನೆ ಸೊನ್ನೆಯನ್ನು ದಾಟಿ ಮೇಲಕ್ಕೆ ಹಾರಿ, ಅಷ್ಟೇ ಬೇಗ ಕೆಳಗೆ ಬೀಳುವ ಆ ಗೆರೆಯನ್ನು ಪಠ್ಯಪುಸ್ತಕಗಳಲ್ಲಿ ನೂರು ಸಲ ನೋಡಿದ್ದೇನೆ. ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಮ್ಮೆ ನಾನೇ ಮಿಡಿಸಿ ನೋಡೋಣ ಎಂದು ಆಸೆಪಟ್ಟದ್ದೇ ತಪ್ಪಾಯಿತು. ನಾಲ್ಕು ರಾತ್ರಿಗಳು ಮಣ್ಣುಪಾಲಾದವು.

ಅದಕ್ಕೆ ನಾನು ಹಿಡಿದದ್ದು ನರಜಾಲಗಳ ಸಿಮ್ಯುಲೇಷನ್‌ಗೆಂದೇ, ಅಂದರೆ ಅವುಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಅಣಕಿಸಲೆಂದೇ, ಮಾಡಿದ ಒಂದು ತಂತ್ರಾಂಶ. ಅದರ ಹೆಸರು ಹೇಳುವುದಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಬೈಯಬಾರದು ಎಂದು ಬುದ್ಧಿ ಹೇಳಲು ಯಾರಾದರೂ ಬಂದೇ ಬರುತ್ತಾರೆ. ಬರಲಿ. ಕೊಡ ಪುಕ್ಕಟೆಯದಾದರೆ ತಳದಲ್ಲಿ ತೂತಿದೆ ಎಂದೂ ಹೇಳಬಾರದೇ?

ಕೈಪಿಡಿಯ ಮೊದಲ ಪುಟದಲ್ಲಿ ಇನ್‌ಸ್ಟಾಲ್ ಮಾಡುವುದು ಬಲು ಸುಲಭ, ಒಂದೇ ಸಾಲಿನ ಕಮಾಂಡ್ ಸಾಕು ಎಂದಿದೆ. ಆ ಸಾಲನ್ನು ಟೈಪಿಸಿ ಎಂಟರ್ ಒತ್ತಿದೆ. ಕೆಂಪು ಅಕ್ಷರಗಳು ಧೋ ಎಂದು ಸುರಿದವು. ಅಷ್ಟನ್ನೂ ಸೋಸಿದ ಮೇಲೆ ತಳದಲ್ಲಿ ಉಳಿದದ್ದು ಒಂದು ಮಾತು: ಡಿಸ್ಟ್‌ಯುಟಿಲ್ಸ್ ಎಂಬುದು ಸಿಗಲಿಲ್ಲ. ಅದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುತ್ತಿದ್ದ, ತಂತ್ರಾಂಶಗಳನ್ನು ಕಟ್ಟಿ ಕೂರಿಸುವ ಸಲಕರಣೆ. ಹೇಗೆ ಸಿಕ್ಕೀತು? ಪೈಥಾನ್ ಭಾಷೆಯವರು 2023ರ ಅಕ್ಟೋಬರಿನಲ್ಲಿ 3.12ನೇ ಆವೃತ್ತಿ ತಂದಾಗ ಅದನ್ನು ತೆಗೆದುಹಾಕಿದರು. ಹಾಗೆ ತೆಗೆಯುತ್ತೇವೆ ಎಂದು 2021ರ 3.10ರಲ್ಲೇ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಈ ಮಹನೀಯರ ತಂತ್ರಾಂಶ ಮಾತ್ರ ಮನೆ ಖಾಲಿ ಮಾಡಿ ಹೋದವರ ಬಾಗಿಲನ್ನು ಇನ್ನೂ ಬಡಿಯುತ್ತಿದೆ. ಕೈಪಿಡಿಯಲ್ಲಿ 'ಪೈಥಾನ್ 3 ಅಥವಾ ನಂತರದ್ದು' ಎಂದು ಬರೆದವರು ಯಾರು? 'ನಂತರದ್ದು' ಎಂದರೆ ಎಲ್ಲಿಯವರೆಗೆ ಎಂದು ಅರ್ಧ ಸಾಲು ಸೇರಿಸಿದ್ದರೆ ನನ್ನ ಮೊದಲ ರಾತ್ರಿ ಉಳಿಯುತ್ತಿತ್ತು.

ಸರಿ, 3.11ನ್ನು ತಂದು ಹಾಕಿದೆ. ಈಗ ಕಂಪ್ಯೂಟರಿನಲ್ಲಿ ಎರಡು ಪೈಥಾನ್‌ಗಳು. ಕಮಾಂಡ್ ಕೊಟ್ಟಾಗ ಯಾವುದು ಎದ್ದು ಬರುತ್ತದೆ ಎಂಬುದು ಪಾತ್ ಎನ್ನುವ ಪಟ್ಟಿಯಲ್ಲಿ ಯಾರ ಹೆಸರು ಮೊದಲಿದೆ ಎಂಬುದರ ಮೇಲೆ ನಿಂತಿದೆ. ಎದ್ದು ಬಂದದ್ದು ಮೊದಲಿಂದ ಇದ್ದುದೇ. ಅದೇ ಕೆಂಪು ಅಕ್ಷರ, ಅದೇ ಡಿಸ್ಟ್‌ಯುಟಿಲ್ಸ್. ಹೋದ ಪುಟ್ಟ, ಬಂದ ಪುಟ್ಟ. ಪಟ್ಟಿ ತಿದ್ದಿದೆ, ಕಮಾಂಡ್ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆಯದಿದ್ದರೆ ತಿದ್ದಿದ್ದು ಅದಕ್ಕೆ ತಿಳಿಯುವುದಿಲ್ಲ ಎಂಬುದು ಗೊತ್ತಾಗಲು ಇನ್ನೊಂದು ಗಂಟೆ.

ಆಮೇಲೆ, ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಬೇಕೆಂದಿತು. ಇದರಲ್ಲಿ ನ್ಯಾಯವಿದೆ, ಒಪ್ಪುತ್ತೇನೆ. ನರಕೋಶದ ಪೊರೆಯಲ್ಲಿ ಸೋಡಿಯಂ ಒಳಗೆ ನುಗ್ಗುವ, ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲುಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಪುಟ್ಟ ಕಡತಗಳಲ್ಲಿ ಬರೆದಿರುತ್ತಾರೆ. ಮಿಲಿಸೆಕೆಂಡಿನ ಚೂರು ಚೂರಿಗೂ ಸಾವಿರಾರು ಕೋಶಗಳ ಲೆಕ್ಕ ಮಾಡಬೇಕಾದರೆ ಅವನ್ನು ಯಂತ್ರಭಾಷೆಗೆ ಇಳಿಸದೆ ವೇಗ ಸಿಗುವುದಿಲ್ಲ. ಆದರೆ ಕೆಲವೇ ಮೆಗಾಬೈಟಿನ ತಂತ್ರಾಂಶಕ್ಕೆ ಹಲವು ಗಿಗಾಬೈಟಿನ ಕಂಪೈಲರ್! ಮೂಗಿಗಿಂತ ಮೂಗುತಿ ಭಾರ. ಅದು ಇಳಿಯುವಷ್ಟರಲ್ಲಿ ಎರಡನೇ ರಾತ್ರಿಯೂ ಮುಗಿದಿತ್ತು.

ನನ್ನ ನಿಜವಾದ ಹೊಟ್ಟೆಯುರಿ ಇರುವುದು ಮೂರನೇ ರಾತ್ರಿಯಲ್ಲಿ.

ಎಲ್ಲವೂ ಕೂತಿತ್ತು. ಬಾಗಿಲುಗಳ ಕಡತವನ್ನು ಕಂಪೈಲ್ ಮಾಡಲು ಹೇಳಿದೆ. ಕಪ್ಪು ಕಿಟಕಿಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ಮುಚ್ಚಿಕೊಂಡಿತು. ಏನೋ ಬರೆದಿತ್ತು, ಓದಲು ಬಿಡಲಿಲ್ಲ. ಹತ್ತಾರು ಸಲ ಪ್ರಯತ್ನಿಸಿ ಕೊನೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಫೋಲ್ಡರ್ ಸಿಗಲಿಲ್ಲ ಎಂದಿತ್ತು. ಯಾವ ಫೋಲ್ಡರ್? ಯೂಸರ್ಸ್ ಎಂಬುದರ ಒಳಗೆ, ನನ್ನ ಹೆಸರು ಇರಬೇಕಾದ ಜಾಗದಲ್ಲಿ, ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು.

ಕಂಪ್ಯೂಟರ್ ಕೊಂಡ ದಿನ ನನ್ನ ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ. ಅದೇ ನನ್ನ ಅಪರಾಧ. ಆಪರೇಟಿಂಗ್ ಸಿಸ್ಟಂ ಅದನ್ನು ಒಪ್ಪಿಕೊಂಡಿತ್ತು, ಬ್ರೌಸರ್ ಒಪ್ಪಿಕೊಂಡಿತ್ತು, ಒಂದಾಣೆಯ ಆಟದ ತಂತ್ರಾಂಶಗಳೂ ಒಪ್ಪಿಕೊಂಡಿದ್ದವು. ಮಿದುಳನ್ನೇ ಅಣಕಿಸಲು ಹೊರಟ ಈ ಪಂಡಿತ ತಂತ್ರಾಂಶಕ್ಕೆ ಮಾತ್ರ ರೋಮನ್ ಅಕ್ಷರಗಳ ಆಚೆಗೆ ಲೋಕವಿಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾಗಿ 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ಸ್ವಾಮಿ. ಮೂವತ್ತು ವರ್ಷ ಕಳೆದ ಮೇಲೂ ನಾನು ನಿಮಗೆ ಪ್ರಶ್ನಾರ್ಥಕ ಚಿಹ್ನೆಯೇ? ಹೆಸರಿನ ನಡುವೆ ಬರೀ ಒಂದು ಖಾಲಿ ಜಾಗವಿದ್ದರೂ ಹೀಗೇ ಕೆಡುತ್ತದೆಯಂತೆ. ಅಂದರೆ ರೋಮನ್ ಲಿಪಿಯವರಿಗೂ ಪೂರ್ತಿ ಬಿಡುಗಡೆಯಿಲ್ಲ. ಅದು ಸಮಾಧಾನವೇನಲ್ಲ.

ಅಕೌಂಟಿನ ಹೆಸರನ್ನು ರೋಮನ್ ಲಿಪಿಗೆ ಬದಲಿಸಿದೆ. ಹೆಸರು ಬದಲಾಯಿತು, ಫೋಲ್ಡರ್ ಬದಲಾಗಲಿಲ್ಲ! ಮೊದಲ ದಿನ ಹುಟ್ಟಿದ ಫೋಲ್ಡರಿಗೆ ಅದೇ ಹೆಸರು ಶಾಶ್ವತ. ಹೊಸ ಅಕೌಂಟ್ ತೆರೆದು ಪೈಥಾನ್, ಪಾತ್, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಂತೆ. ಆ ಹೊತ್ತಿಗೆ ರಾತ್ರಿ ಎರಡೂವರೆ. ಕಂಪ್ಯೂಟರನ್ನು ಆರಿಸಲೂ ಮನಸ್ಸಾಗದೆ, ಹೊಟ್ಟೆಗೇ ಒದ್ದಂತೆ ಪ್ಲಗ್ ಕಿತ್ತೆ.

ನಿದ್ದೆ ಬರದೆ ಹೊರಳಾಡುವಾಗ ಬ್ರಿಟನ್ನಿನ ವಿಜ್ಞಾನಿ ಆಂಡ್ರ್ಯೂ ಹಕ್ಸ್‌ಲಿ ನೆನಪಾದರು. ನರಕೋಶ ಮಿಡಿಯುವುದು ಹೇಗೆಂದು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಅಳೆದು, ನಾಲ್ಕು ಸಮೀಕರಣಗಳಲ್ಲಿ ಕಟ್ಟಿ 1952ರಲ್ಲಿ ಪ್ರಕಟಿಸಿದರು. 1963ರಲ್ಲಿ ನೊಬೆಲ್ ಬಂತು. ಲೆಕ್ಕ ಮಾಡಬೇಕಾದ ಹೊತ್ತಿಗೆ ಕೇಂಬ್ರಿಜ್‌ನ ಗಣಕಯಂತ್ರ ಬದಲಾವಣೆಯ ಕೆಲಸಕ್ಕಾಗಿ ಆರು ತಿಂಗಳು ನಿಂತುಹೋಗಿತ್ತು. ಹಕ್ಸ್‌ಲಿ ಕಾಯಲಿಲ್ಲ. ಕೈಯಿಂದ ಹಿಡಿಕೆ ತಿರುಗಿಸುವ ಬ್ರುನ್ಸ್‌ವಿಗಾ ಯಂತ್ರದ ಮುಂದೆ ಕುಳಿತು ತಿರುಗಿಸಿದರು. ನರದುದ್ದಕ್ಕೂ ಹರಿಯುವ ಒಂದು ಮಿಡಿತದ ಲೆಕ್ಕಕ್ಕೆ ಸುಮಾರು ಮೂರು ವಾರ ಹಿಡಿಯಿತು. ಮೂರು ವಾರ, ನಿಜ. ಆದರೆ ಆ ಹಿಡಿಕೆ ಅವರ ಹೆಸರು ಯಾವ ಲಿಪಿಯಲ್ಲಿದೆ ಎಂದು ಕೇಳಲಿಲ್ಲ.

ನಾಲ್ಕನೇ ರಾತ್ರಿ ನಾನೂ ಹಿಡಿಕೆ ತಿರುಗಿಸಲು ಕುಳಿತೆ. ಮನೆ ಖರ್ಚು ಬರೆದಿಡುವ ಸ್ಪ್ರೆಡ್‌ಶೀಟ್ ತೆರೆದೆ. ವೋಲ್ಟೇಜಿಗೆ ಒಂದು ಕಾಲಂ, ಬಾಗಿಲುಗಳ ಮೂರು ಸಂಖ್ಯೆಗಳಿಗೆ ಮೂರು ಕಾಲಂ. ಮೊದಲ ಸಾಲಿನಲ್ಲಿ ಮೈನಸ್ 65, 0.05, 0.6, 0.32. ಒಂದೊಂದು ಸಾಲಿಗೆ 0.01 ಮಿಲಿಸೆಕೆಂಡ್. ಸೂತ್ರಗಳನ್ನು ಬರೆದು ಎರಡು ಸಾವಿರ ಸಾಲು ಕೆಳಕ್ಕೆ ಎಳೆದೆ. ಒಂದು ಕಡೆ ಆವರಣ ತಪ್ಪಿ ವೋಲ್ಟೇಜು ಆಕಾಶಕ್ಕೆ ಹೋಯಿತು, ತಿದ್ದಿದೆ. ನಕ್ಷೆ ಬಿಡಿಸು ಎಂದೆ.

ಗೆರೆ ಎದ್ದಿತು. ಸೊನ್ನೆ ದಾಟಿತು, ಮೇಲಕ್ಕೆ ಹೋಯಿತು, ಬಿತ್ತು, ಮೈನಸ್ 65ಕ್ಕಿಂತಲೂ ಕೆಳಗೆ ಜಾರಿ ಮೆಲ್ಲಗೆ ಮೇಲೆ ಬಂತು. ಪುಸ್ತಕದಲ್ಲಿ ಇದ್ದ ಹಾಗೆಯೇ. ಆ ಸ್ಪ್ರೆಡ್‌ಶೀಟ್ ಇದ್ದದ್ದು ಅದೇ ಹಳೆಯ ಅಕೌಂಟಿನಲ್ಲಿ, ನನ್ನ ಕನ್ನಡದ ಹೆಸರಿನ ಫೋಲ್ಡರಿನಲ್ಲೇ.

ಇದರಿಂದ ಕೋಪ ಇಳಿಯಿತು ಎಂದುಕೊಳ್ಳಬೇಡಿ. ಇಂಥ ಕೋಶಗಳನ್ನು ಒಂದಕ್ಕೊಂದು ಜೋಡಿಸಿ, ಸಾವಿರ ಕೋಶಗಳ ಜಾಲ ಹೇಗೆ ಗುನುಗುತ್ತದೆ ಎಂದು ನೋಡುವುದು ನನ್ನ ಮುಂದಿನ ಆಸೆ. ಅದು ಸ್ಪ್ರೆಡ್‌ಶೀಟಿನಿಂದ ಆಗುವ ಕೆಲಸವಲ್ಲ. ಈಗ ರೋಮನ್ ಲಿಪಿಯ ಹೊಸ ಅಕೌಂಟ್ ತೆರೆದು, ಪೈಥಾನ್ 3.11ನ್ನು ಮತ್ತೆ ಇಳಿಸುತ್ತಾ ಇದನ್ನು ಬರೆಯುತ್ತಿದ್ದೇನೆ. ಶೇಕಡಾ 40 ಆಗಿದೆ.